ಹಿತ್ತಲ ತಗಡಿನ ಶೆಡ್ಡಿಗೆ ಕರೆಂಟು, ಅರ್ಥಿಂಗ್, ಇಂಟರ್ನೆಟ್: ಮನೆ ಮತ್ತು ವರ್ಕ್‌ಶಾಪ್ ಇರುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನ ಹೊರವಲಯದಲ್ಲಿ, ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಯ ಆಸುಪಾಸಿನಲ್ಲಿ, ಮುಂದೆ ತಾರಸಿ ಮನೆ, ಹಿಂದೆ ಶೀಟಿನ ಶೆಡ್ಡು ಇರುವ ಜಾಗಗಳು ಬೇಕಾದಷ್ಟಿವೆ. ಶೆಡ್ಡಿನೊಳಗೆ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ಒಂದು ವೆಲ್ಡಿಂಗ್ ಸೆಟ್ಟು, ಮೂಲೆಯಲ್ಲಿ ಗ್ರೈಂಡರ್. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇದ್ದ ಊರು ಇದು. ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಇಲ್ಲಿ ಎಂದೂ ಬರವಿಲ್ಲ. ಈಗ ಆ ಶೆಡ್ಡುಗಳಿಗೆ ಇಂಟರ್ನೆಟ್ ಕೂಡ ಬೇಕಾಗಿದೆ. ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಹಣ ಯುಪಿಐಯಲ್ಲಿ ಬರುತ್ತದೆ, ಬಿಲ್ಲನ್ನು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಬೇಕು, ರಾತ್ರಿ ಕ್ಯಾಮೆರಾ ಓಡಬೇಕು.

‘ಶೆಡ್ಡಿನಲ್ಲಿ ವೈಫೈ ಬರುತ್ತಿಲ್ಲ’ ಎಂದು ಶುರುವಾಗುವ ಕೆಲಸ ಹೆಚ್ಚಿನ ಸಲ ಎಕ್ಸ್‌ಟೆಂಡರ್ ಕೊಳ್ಳುವುದರಲ್ಲಿ ಮುಗಿದುಬಿಡುತ್ತದೆ. ಅದು ತಪ್ಪು ತುದಿಯಿಂದ ಹಿಡಿದ ಕೆಲಸ ಎಂದೇ ನನ್ನ ಅಭಿಪ್ರಾಯ. ತಗಡಿನ ಶೆಡ್ಡಿನ ನೆಟ್‌ವರ್ಕ್ ಉಳಿಯುವುದು ಶೆಡ್ಡು ಗಟ್ಟಿಯಿದ್ದರೆ ಮಾತ್ರ. ಮೇಲಿನಿಂದ ನೀರು ಸೋರಿದರೆ, ವೋಲ್ಟೇಜ್ ಕುಸಿದರೆ, ಅರ್ಥಿಂಗ್ ಒಣಗಿದರೆ ಎಷ್ಟು ದುಬಾರಿ ರೂಟರ್ ತಂದರೂ ಒಂದು ಮಳೆಗಾಲ ದಾಟುವುದಿಲ್ಲ. ಆದ್ದರಿಂದ ಇಲ್ಲಿ ಅನುಕ್ರಮ ಹೀಗಿದೆ: ಮೊದಲು ಶೀಟು, ಆಮೇಲೆ ಕರೆಂಟು ಮತ್ತು ಅರ್ಥಿಂಗ್, ಕೊನೆಗೆ ಇಂಟರ್ನೆಟ್.

ಹಂತ 1: ಅಂಗಡಿಗೆ ಹೋಗುವ ಮೊದಲು ಅಳತೆ

ಮನೆಯ ಮೀಟರ್ ಬೋರ್ಡಿನಿಂದ ಶೆಡ್ಡಿನ ಬೋರ್ಡಿನವರೆಗೆ ಟೇಪು ಹಿಡಿಯಿರಿ. ನೇರ ದೂರವಲ್ಲ, ಕೇಬಲ್ ಹೋಗಬೇಕಾದ ದಾರಿಯ ದೂರ ಬೇಕು. ಬೋರ್‌ವೆಲ್ ಪೈಪು, ಸಂಪು, ಶೌಚಗುಂಡಿ, ತೆಂಗಿನ ಬೇರು, ಲಾರಿ ಅಥವಾ ಟ್ರ್ಯಾಕ್ಟರ್ ಓಡಾಡುವ ಜಾಗ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಗುರುತು ಮಾಡಿ. ಆ ಹಾಳೆಯನ್ನು ಮೀಟರ್ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿಡಿ. ಹತ್ತು ವರ್ಷದ ನಂತರ ನೆಲ ಅಗೆಯುವವರಿಗೆ ಅದೊಂದೇ ಆಧಾರ.

ಇನ್ನೊಂದು ಪರೀಕ್ಷೆಗೆ ಖರ್ಚಿಲ್ಲ. ಮೊಬೈಲ್ ಹಿಡಿದು ಶೆಡ್ಡಿನ ನಡುವೆ ನಿಂತು ರೋಲಿಂಗ್ ಷಟರ್ ಪೂರ್ತಿ ತೆರೆಸಿ, ಮನೆಯ ವೈಫೈ ಎಷ್ಟು ಸಿಗುತ್ತದೆ ನೋಡಿ. ಆಮೇಲೆ ಷಟರ್ ಮುಚ್ಚಿಸಿ ಮತ್ತೆ ನೋಡಿ. ತೆರೆದಾಗ ಎರಡು ಮೂರು ಗೆರೆ ಇದ್ದದ್ದು ಮುಚ್ಚಿದೊಡನೆ ಮಾಯವಾಗುತ್ತದೆ. ಉಕ್ಕಿನ ತಗಡು ರೇಡಿಯೊ ಅಲೆಗಳನ್ನು ಒಳಕ್ಕೆ ಬಿಡುವುದಿಲ್ಲ, ತಿರುಗಿಸಿ ಹೊರಕ್ಕೆ ಕಳುಹಿಸುತ್ತದೆ. ಸುತ್ತ ತಗಡು, ಮೇಲೂ ತಗಡು ಇರುವ ಕಟ್ಟಡಕ್ಕೆ ಹೊರಗಿನಿಂದ ಸಿಗ್ನಲ್ ತಳ್ಳಿ ಪ್ರಯೋಜನವಿಲ್ಲ. ಸಿಗ್ನಲ್ ತಂತಿಯ ಮೇಲೆ ಒಳಗೆ ಹೋಗಬೇಕು, ಒಳಗೇ ವೈಫೈ ಆಗಬೇಕು. ಮೊಬೈಲ್ ಕಂಪನಿಯ ಸಿಗ್ನಲ್ ಕೂಡ ಒಳಗೆ ಸಿಗದಿರುವುದು ಇದೇ ಕಾರಣಕ್ಕೆ. ಶೆಡ್ಡಿನೊಳಗೆ ವೈಫೈ ಬಂದ ಮೇಲೆ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿದರೆ ಕರೆಗಳೂ ಸರಿಯಾಗುತ್ತವೆ.

ಹಂತ 2: ಶೀಟು, ಸ್ಕ್ರೂ, ತುಕ್ಕು

ಈ ಕೆಲಸಕ್ಕೆ ಮಾರ್ಚ್ ಒಳ್ಳೆಯ ತಿಂಗಳು. ಏಪ್ರಿಲ್ ಕೊನೆಗೆ ಭರಣಿ ಮಳೆಯ ಹೊತ್ತಿಗೆ ಗುಡುಗು ಸಿಡಿಲಿನ ಮಳೆ ಶುರುವಾಗುತ್ತದೆ, ಆಗ ಶೀಟಿನ ಮೇಲೆ ಹತ್ತುವುದು ಸರಿಯಲ್ಲ. ಹತ್ತುವಾಗ ಹಗ್ಗ ಕಟ್ಟಿಕೊಳ್ಳಿ, ಬೆಳಗಿನ ಇಬ್ಬನಿ ಆರಿದ ಮೇಲೆ ಹತ್ತಿ, ಕಾಲಿಡುವುದು ಸ್ಕ್ರೂ ಸಾಲಿನ ಮೇಲೆ ಮಾತ್ರ. ಸ್ಕ್ರೂ ಇರುವ ಕಡೆ ಕೆಳಗೆ ಪರ್ಲಿನ್, ಅಂದರೆ ಶೀಟನ್ನು ಹೊರುವ ಅಡ್ಡಪಟ್ಟಿ, ಇರುತ್ತದೆ. ಎರಡು ಪರ್ಲಿನ್ ನಡುವೆ ಕಾಲಿಟ್ಟರೆ ಶೀಟು ತಗ್ಗುತ್ತದೆ, ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟಿನ ಮೇಲಂತೂ ಕಾಲಿಡಲೇಬೇಡಿ. ಬಿಸಿಲಿಗೆ ಪುಡಿಯಾಗಿರುವ ಅಂಥ ಶೀಟು ಮುರಿದು ಕೆಳಗೆ ಬಿದ್ದವರಿದ್ದಾರೆ.

ಸೋರಿಕೆ ಶುರುವಾಗುವುದು ಶೀಟಿನಲ್ಲಲ್ಲ, ಸ್ಕ್ರೂ ಕೆಳಗಿನ ರಬ್ಬರ್ ವಾಷರ್‌ನಲ್ಲಿ. ಒಂದು ಸ್ಕ್ರೂ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ರಬ್ಬರನ್ನು ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬಂದರೆ ಅದಕ್ಕೆ ಇನ್ನೂ ಜೀವವಿದೆ. ಬಿರುಕು ಬಿಟ್ಟಿದ್ದರೆ, ಒತ್ತಿದಾಗ ಕಪ್ಪು ಪುಡಿ ಉದುರಿದರೆ ಆ ಸಾಲನ್ನು ಇಡಿಯಾಗಿ ಬದಲಾಯಿಸಿ. ಹಳೆಯ ತೂತಿಗೆ ಅದೇ ಅಳತೆಯ ಸ್ಕ್ರೂ ಹಿಡಿಯುವುದಿಲ್ಲ, ಒಂದು ಅಳತೆ ದಪ್ಪದ್ದು ತನ್ನಿ. ಬಿಗಿ ಮಾಡುವಾಗ ರಬ್ಬರು ವಾಷರಿನ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಕಂಡರೆ ಸಾಕು. ಡ್ರಿಲ್ಲಿನ ಜೋರಿಗೆ ರಬ್ಬರ್ ಪೂರ್ತಿ ಹೊರಗೆ ಹಿಂಡಿ ಬಂದರೆ ಎರಡೇ ಬೇಸಿಗೆಗೆ ಅದು ಸೀಳುತ್ತದೆ.

ಸಂದು ಮುಚ್ಚಲು ಸಿಲಿಕಾನ್ ತರುವಾಗ ಡಬ್ಬಿಯ ಮೇಲೆ ‘ನ್ಯೂಟ್ರಲ್’ ಎಂದಿರಬೇಕು. ಹಚ್ಚಿದಾಗ ವಿನಿಗರ್‌ನಂಥ ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಗಾಜಿಗೆ ಸರಿ. ಅದರ ಆಮ್ಲ ತಗಡಿನ ಮೇಲಿನ ಸತುವಿನ ಪದರವನ್ನು ತಿನ್ನುತ್ತದೆ. ಹಾಗೆಯೇ, ಬಣ್ಣದ ಶೀಟನ್ನು ಶೆಡ್ಡಿನ ಮೇಲೆಯೇ ಗ್ರೈಂಡರಿನಿಂದ ಕತ್ತರಿಸಲು ಬಿಡಬೇಡಿ. ಕಿಡಿಯಾಗಿ ಹಾರಿದ ಕಬ್ಬಿಣದ ಪುಡಿ ಬಣ್ಣದಲ್ಲಿ ಕಚ್ಚಿಕೊಂಡು, ಮೊದಲ ಮಳೆಗೆ ಶೀಟಿನ ತುಂಬ ಕಂದು ಚುಕ್ಕೆ ಏಳುತ್ತದೆ. ಕತ್ತರಿಯಿಂದ ಅಥವಾ ನಿಬ್ಲರ್‌ನಿಂದ ಕತ್ತರಿಸಿ, ಪುಡಿಯನ್ನು ಅಂದೇ ಗುಡಿಸಿ.

ಕೆಳಗೆ ಇಳಿದು ಕಂಬಗಳ ಬುಡ ನೋಡಿ. ಶೆಡ್ಡು ಸಾಯುವುದು ಬುಡದಿಂದ. ಕಂಬ ಕಾಂಕ್ರೀಟಿಗೆ ಸೇರುವ ಜಾಗದಲ್ಲಿ ಮಣ್ಣು, ಕಬ್ಬಿಣದ ಚೂರು, ಗೋಣಿಚೀಲ ಸೇರಿ ವರ್ಷವಿಡೀ ತೇವ ಹಿಡಿದಿಟ್ಟುಕೊಂಡಿರುತ್ತವೆ. ಸುತ್ತ ಒಂದು ಗೇಣು ಜಾಗ ಬಿಡಿಸಿ, ಸಣ್ಣ ಸುತ್ತಿಗೆಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತ ಬನ್ನಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ; ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡಿ ಪದರ ಉದುರಿಸುತ್ತದೆ. ಪದರ ಮಾತ್ರ ಎದ್ದಿದ್ದರೆ ವೈರ್ ಬ್ರಷ್ ಹಾಕಿ, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಮೇಲೆ ಎನಾಮೆಲ್ ಹೊಡೆಯಿರಿ. ಸುತ್ತಿಗೆ ಒಳಕ್ಕೆ ಇಳಿದರೆ ಬಣ್ಣದಿಂದ ಆಗುವ ಕೆಲಸವಲ್ಲ. ಆ ಭಾಗ ಕತ್ತರಿಸಿ ಹೊಸ ಪ್ಲೇಟು ಕೂರಿಸಬೇಕು. ಜಿಐ (ಸತುವಿನ ಲೇಪವಿರುವ ಕಬ್ಬಿಣ) ಪೈಪಿಗೆ ರೆಡ್ ಆಕ್ಸೈಡ್ ಹಿಡಿಯುವುದಿಲ್ಲ, ಸಿಪ್ಪೆ ಏಳುತ್ತದೆ. ಅದಕ್ಕೆ ಸತುವಿನ ಮೇಲೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಬೇಕು. ಜಿಐಗೆ ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ ಸತುವಿನದು. ಷಟರ್ ಮುಚ್ಚಿಕೊಂಡು ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಮೊದಲು ಸತುವನ್ನು ಉಜ್ಜಿ ತೆಗೆದು, ಗಾಳಿಗೆ ಬಾಗಿಲು ತೆರೆದು ಮಾಡಿ.

ಚಳಿಗಾಲದ ಸೋರಿಕೆ ಬೇರೆ. ಡಿಸೆಂಬರ್ ಜನವರಿಯ ಬೆಳಗ್ಗೆ ಮಳೆಯೇ ಇಲ್ಲದೆ ಶೀಟಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ರಾತ್ರಿ ಶೀಟು ತಣ್ಣಗಾಗಿ ಒಳಗಿನ ಗಾಳಿಯ ತೇವ ಅದರ ಮೇಲೆ ನೀರಾಗುವುದರಿಂದ ಹೀಗಾಗುತ್ತದೆ. ಇದಕ್ಕೆ ಸಿಲಿಕಾನ್ ಹಚ್ಚಿ ಫಲವಿಲ್ಲ. ಮೇಲೆ ಗಾಳಿ ತಿರುಗುವ ಟರ್ಬೊ ವೆಂಟಿಲೇಟರ್, ಕೆಳಗೆ ಗಾಳಿ ಬರಲು ಜಾಲರಿ, ಸಾಧ್ಯವಾದರೆ ಶೀಟಿನ ಕೆಳಗೆ ಫಾಯಿಲ್ ಇನ್ಸುಲೇಷನ್ ಹಾಕಿಸಿ. ಲೇತಿನ ಬೆಡ್ಡಿಗೆ ಸಂಜೆ ಎಣ್ಣೆ ಹಚ್ಚಿ ಬಟ್ಟೆ ಹೊದಿಸುವ ಅಭ್ಯಾಸ ಈ ತಿಂಗಳುಗಳಲ್ಲಿ ತಪ್ಪಬಾರದು. ನೆಟ್‌ವರ್ಕ್ ಪೆಟ್ಟಿಗೆಯನ್ನು ಎಲ್ಲಿ ಹಾಕಬಾರದು ಎಂಬುದನ್ನೂ ಈ ಹನಿಗಳೇ ತೋರಿಸಿಕೊಡುತ್ತವೆ, ಬೆಳಗ್ಗೆ ನೆಲದ ಮೇಲೆ ಒದ್ದೆ ಚುಕ್ಕೆಗಳ ಸಾಲು ನೋಡಿ.

ಮನೆಯ ಕಡೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ತಾರಸಿಯ ನೀರು ಹೋಗುವ ಪೈಪುಗಳ ಬಾಯಿಯ ಕಸವನ್ನು ಮೇ ತಿಂಗಳೊಳಗೆ ತೆಗೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಗೀಸರಿನ ಎಲಿಮೆಂಟಿಗೆ ಸುಣ್ಣದ ಪೊರೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಇಳಿಸಿ ಎಲಿಮೆಂಟ್ ಬಿಚ್ಚಿಸಿ ಪೊರೆ ತೆಗೆಸಿ, ಜತೆಗೆ ಮೆಗ್ನೀಷಿಯಂ ಸರಳು ಉಳಿದಿದೆಯೇ ಎಂದು ನೋಡಿ. ಸರಳು ಸವೆದು ಹೋದ ಮೇಲೆ ನೀರು ಟ್ಯಾಂಕನ್ನೇ ತಿನ್ನಲು ಶುರುಮಾಡುತ್ತದೆ. ಬೋರ್ಡಿನಲ್ಲಿರುವ ಆರ್‌ಸಿಸಿಬಿಯ (ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚು) ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಟಪ್ ಎಂದು ಬೀಳದಿದ್ದರೆ ಅದು ನಿಮ್ಮನ್ನು ಕಾಪಾಡುತ್ತಿಲ್ಲ, ಅಂದೇ ಬದಲಾಯಿಸಿ.

ಹಂತ 3: ಶೆಡ್ಡಿಗೆ ಕರೆಂಟು

ಮೊದಲಿಗೆ ಕಾನೂನಿನ ಮಾತು. ಮನೆ ಬಳಕೆಯ ಮೀಟರಿನಿಂದ ನಿಮ್ಮ ಹವ್ಯಾಸಕ್ಕೆ ಒಂದು ಗ್ರೈಂಡರ್ ಓಡಿಸುವುದು ಬೇರೆ, ಬಾಡಿಗೆ ಕೆಲಸ ಮಾಡಿ ದುಡಿಯುವುದು ಬೇರೆ. ದುಡಿಮೆಯ ಶೆಡ್ಡಿಗೆ ಬೆಸ್ಕಾಂನಿಂದ ಕೈಗಾರಿಕಾ ದರಪಟ್ಟಿಯ ಪ್ರತ್ಯೇಕ ಸಂಪರ್ಕ, ಪ್ರತ್ಯೇಕ ಆರ್‌ಆರ್ ಸಂಖ್ಯೆ ಪಡೆಯಿರಿ. ಲೇತಿಗೆ ಹೆಚ್ಚಾಗಿ ತ್ರೀ ಫೇಸ್ ಬೇಕಾಗುತ್ತದೆ. ವೈರಿಂಗ್ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು. ಕೆಳಗಿನದು ನೀವೇ ಮಾಡಲಿ ಎಂದಲ್ಲ, ಮಾಡುವವರ ಕೆಲಸ ನೋಡಿ ಕೇಳಬೇಕಾದ್ದು ಏನು ಎಂದು ತಿಳಿದಿರಲಿ ಎಂದು.

ಕೇಬಲ್ ದಪ್ಪದಲ್ಲಿ ಉಳಿಸುವ ದುಡ್ಡು ಮುಂದೆ ದುಬಾರಿಯಾಗುತ್ತದೆ. ಒಂದು ಲೆಕ್ಕ ನೋಡಿ. ಹವ್ಯಾಸದ ಶೆಡ್ಡಿಗೆ ಮನೆಯಿಂದ ಸಿಂಗಲ್ ಫೇಸ್ ಎಳೆದಿದ್ದೀರಿ, ದಾರಿ 40 ಮೀಟರ್, ಸಣ್ಣ ವೆಲ್ಡಿಂಗ್ ಸೆಟ್ಟು 20 ಆ್ಯಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಕರೆಂಟು ಹೋಗಿ ಬರುವ ದಾರಿ ಸೇರಿ 80 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 12 ವೋಲ್ಟು ದಾರಿಯಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ಆದರೆ ಏಳು ಚಿಲ್ಲರೆ, 6 ಆದರೆ ಸುಮಾರು 5 ವೋಲ್ಟು. ಸಂಜೆಯ ಹೊತ್ತು ಬೀದಿಯಲ್ಲೇ 210 ವೋಲ್ಟು ಬರುತ್ತಿದ್ದರೆ ಆ 12 ವೋಲ್ಟಿನ ನಷ್ಟದಿಂದ ಮೋಟಾರು ಬಿಸಿಯಾಗುತ್ತದೆ, ಬಲ್ಬು ಮಂಕಾಗುತ್ತದೆ, ಅಗ್ಗದ ಅಡಾಪ್ಟರಿನ ನೆಟ್‌ವರ್ಕ್ ಸಾಮಾನು ತಾನಾಗಿ ಆರಿ ಹತ್ತುತ್ತದೆ. 40 ಮೀಟರಿಗೆ 6 ಚದರ ಮಿ.ಮೀ.ಗಿಂತ ಕಡಿಮೆ ಹಾಕಬೇಡಿ ಎಂದೇ ನಾನು ಹೇಳುವುದು. ಅಲ್ಯೂಮಿನಿಯಂ ಕೇಬಲ್ ಆದರೆ 10 ಚದರ ಮಿ.ಮೀ., ಅದು ತಾಮ್ರದ 6ಕ್ಕೆ ಸಮ.

ಶೆಡ್ಡಿನ ಬೋರ್ಡಿನಲ್ಲಿ ವೆಲ್ಡಿಂಗ್‌ಗೆ ಒಂದು, ಮಷೀನುಗಳಿಗೆ ಒಂದು, ದೀಪಕ್ಕೆ ಒಂದು, ನೆಟ್‌ವರ್ಕ್ ಮತ್ತು ಕ್ಯಾಮೆರಾಕ್ಕೆ ಒಂದು ಎಂದು ಬೇರೆ ಬೇರೆ ಎಂಸಿಬಿ ಇರಲಿ. ಗ್ರೈಂಡರ್ ಸಿಕ್ಕಿಹಾಕಿಕೊಂಡು ಎಂಸಿಬಿ ಬಿದ್ದಾಗ ಕತ್ತಲಾಗಬಾರದು, ಕ್ಯಾಮೆರಾ ನಿಲ್ಲಬಾರದು. ಕೈಯಲ್ಲಿ ಹಿಡಿಯುವ ಸಾಧನಗಳ ಪ್ಲಗ್ಗುಗಳಿಗೆ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಕಾಲ ಕೆಳಗೆ ನೆಲ, ಸುತ್ತ ಉಕ್ಕು ಇರುವ ಜಾಗ ಅದು. ವೆಲ್ಡಿಂಗ್ ಸೆಟ್ಟನ್ನು ಅದೇ ಆರ್‌ಸಿಸಿಬಿಗೆ ಹಾಕಿದರೆ ಸುಮ್ಮಸುಮ್ಮನೆ ಬೀಳಬಹುದು. ಆಗ ಆರ್‌ಸಿಸಿಬಿಯನ್ನು ತೆಗೆದುಹಾಕುವುದು ಪರಿಹಾರವಲ್ಲ, ಬೇರೆ ಸಾಲಿಗೆ ಬೇರೆಯದನ್ನು ಹಾಕಿಸಿ.

ಹಂತ 4: ಅರ್ಥಿಂಗ್, ಎಲ್ಲರೂ ಮರೆಯುವ ಕೆಲಸ

ನಮ್ಮ ಕಡೆಯ ಮರಳು, ಕಲ್ಲು ಬೆರೆತ ಕೆಂಪು ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಒಣಗಿದ ನೆಲದಲ್ಲಿ ಅರ್ಥ್ ಪೈಪು ಇದ್ದೂ ಇಲ್ಲದಂತೆ. ಅರ್ಥ್ ಗುಂಡಿಗೆ ಫೆಬ್ರವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಹೊಸದಾಗಿ ಹಾಕಿಸುವಾಗ 40 ಮಿ.ಮೀ.ನ ಜಿಐ ಪೈಪು ಎರಡೂವರೆ ಮೀಟರಿಗೆ ಕಡಿಮೆ ಇರಬಾರದು. ಅಗೆಯುವವರು ಕಲ್ಲು ಸಿಕ್ಕಿತೆಂದು ಅರ್ಧಕ್ಕೆ ಕತ್ತರಿಸಿ ಹೂಳುವುದು ಸಾಮಾನ್ಯ, ಪೈಪು ಇಳಿಸುವಾಗ ಪಕ್ಕದಲ್ಲೇ ನಿಲ್ಲಿ. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರ್‌ನಿಂದ ಓಮ್ ಎಷ್ಟೆಂದು ಅಳೆಸಿ ಬರೆದಿಡಿ, ಬೇಸಿಗೆಯಲ್ಲಿ ಒಮ್ಮೆ ಮತ್ತೆ ಅಳೆಸಿ. ಒಂದು ಸಲದ ಅಂಕಿಗಿಂತ ಎರಡು ಅಂಕಿಗಳ ನಡುವಿನ ಏರಿಕೆಯೇ ಹೆಚ್ಚು ಹೇಳುತ್ತದೆ.

ಶೆಡ್ಡಿನ ಉಕ್ಕಿನ ಚೌಕಟ್ಟನ್ನು ಅರ್ಥ್ ಪಟ್ಟಿಗೆ ಬೋಲ್ಟು ಹಾಕಿ ಸೇರಿಸಬೇಕು. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಸೇರಿಸಿ, ಮೇಲೆ ಗ್ರೀಸು ಹಚ್ಚಿ. ಎಲ್ಲೋ ಒಂದು ತಂತಿಯ ಸಿಪ್ಪೆ ಸವೆದು ಕಂಬಕ್ಕೆ ತಾಗಿದರೆ ಇಡೀ ಶೆಡ್ಡಿಗೇ ಕರೆಂಟು ಬರುವುದನ್ನು ತಪ್ಪಿಸುವುದು ಆ ಬೋಲ್ಟು. ನ್ಯೂಟ್ರಲನ್ನು ಶೆಡ್ಡಿನಲ್ಲಿ ಅರ್ಥಿಗೆ ಸೇರಿಸಲು ಯಾರನ್ನೂ ಬಿಡಬೇಡಿ.

ವೆಲ್ಡಿಂಗ್ ಮಾಡುವವರಿಗೆ ಒಂದು ವಿಶೇಷ ಮಾತು. ಅರ್ಥ್ ಕ್ಲ್ಯಾಂಪನ್ನು ಕೆಲಸದ ತುಂಡಿಗೇ, ಬೆಸುಗೆಯ ಹತ್ತಿರವೇ ಕಚ್ಚಿಸಿ. ಶೆಡ್ಡಿನ ಕಂಬಕ್ಕೋ ಮೇಜಿನ ಕಾಲಿಗೋ ಕಚ್ಚಿಸಿದರೆ ನೂರಾರು ಆ್ಯಂಪಿಯರಿನ ವೆಲ್ಡಿಂಗ್ ಕರೆಂಟು ಮರಳಲು ತನಗೆ ಸಿಕ್ಕ ದಾರಿ ಹಿಡಿಯುತ್ತದೆ: ಮಷೀನಿನ ಬೇರಿಂಗು, ಬೋರ್ಡಿನ ಸಣ್ಣ ಅರ್ಥ್ ತಂತಿ, ಲೋಹದ ಹೊದಿಕೆಯ ನೆಟ್‌ವರ್ಕ್ ಕೇಬಲ್. ಅರ್ಥ್ ತಂತಿ ಕರಗಿ ಕಡಿದುಹೋದರೂ ದೀಪ ಉರಿಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಮುಂದೊಂದು ದಿನ ಶಾಕ್ ಹೊಡೆದಾಗ.

ಬೋರ್ಡಿನಲ್ಲಿ ಸಿಡಿಲಿನ ಉಬ್ಬರ ತಡೆಯುವ ಎಸ್‌ಪಿಡಿ, ಟೈಪ್ 2 ಹಾಕಿಸಿ. ಅದರ ತಂತಿಗಳು ಒಟ್ಟು ಅರ್ಧ ಮೀಟರಿಗಿಂತ ಉದ್ದವಾಗಬಾರದು, ಉದ್ದವಾದಷ್ಟೂ ರಕ್ಷಣೆ ಕಡಿಮೆ. ಮೊಬೈಲಿನಲ್ಲಿ ‘ದಾಮಿನಿ’ ಅಥವಾ ರಾಜ್ಯದ ‘ಸಿಡಿಲು’ ಆ್ಯಪ್ ಇಟ್ಟುಕೊಳ್ಳಿ. ಎಚ್ಚರಿಕೆ ಬಂದಾಗ ಪ್ಲಗ್ಗು ಕೀಳುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಹಂತ 5: ಮನೆಗೂ ಶೆಡ್ಡಿಗೂ ನಡುವಿನ ನೆಟ್‌ವರ್ಕ್ ತಂತಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎರಡು ಕಟ್ಟಡಗಳ ನಡುವೆ ಹೋಗುವ ನೆಟ್‌ವರ್ಕ್ ತಂತಿಯಲ್ಲಿ ಲೋಹ ಇರಬಾರದು.

ತಾಮ್ರದ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಓಡುತ್ತದೆ, ನಮ್ಮ ದೂರ 40 ಮೀಟರ್, ಅದೇ ಸಾಲದೇ ಎಂದು ಕೇಳುವವರು ಬಹಳ. ದೂರಕ್ಕೆ ಸಾಕು. ಆದರೆ ಮನೆಗೆ ಒಂದು ಅರ್ಥಿಂಗ್, ಶೆಡ್ಡಿಗೆ ಇನ್ನೊಂದು ಅರ್ಥಿಂಗ್. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡರ ನಡುವೆ ಕ್ಷಣಕಾಲ ಸಾವಿರಾರು ವೋಲ್ಟಿನ ವ್ಯತ್ಯಾಸ ಏಳುತ್ತದೆ, ಆ ವ್ಯತ್ಯಾಸ ಹರಿದುಹೋಗಲು ನೀವೇ ತಾಮ್ರದ ದಾರಿ ಹಾಕಿಕೊಟ್ಟಿರುತ್ತೀರಿ. ಎರಡೂ ತುದಿಯ ಸಾಮಾನುಗಳು ಒಟ್ಟಿಗೆ ಸುಡುತ್ತವೆ, ಮನೆಯ ಟಿವಿಯೂ ಸೇರಿ. ಆಪ್ಟಿಕಲ್ ಫೈಬರ್ ಗಾಜಿನ ಎಳೆ, ಅದರಲ್ಲಿ ಹೋಗುವುದು ಬೆಳಕು. ಸಿಡಿಲಿಗೂ ವೆಲ್ಡಿಂಗ್ ಕರೆಂಟಿಗೂ ಅದರೊಳಗೆ ದಾರಿಯಿಲ್ಲ. ಒಂದು ಕಾಲಕ್ಕೆ ದುಬಾರಿಯಾಗಿದ್ದ ಈ ಸಾಮಾನು ಮನೆಮನೆಗೆ ಫೈಬರ್ ಬಂದ ಮೇಲೆ ಊರೂರಲ್ಲೂ ಸಿಗುತ್ತಿದೆ.

ಬೇಕಾದ್ದು: ಸಿಂಗಲ್ ಮೋಡ್ ಫೈಬರ್ ಕೇಬಲ್, ಎರಡು ಅಥವಾ ನಾಲ್ಕು ಎಳೆಯದು (ಒಂದು ಸಾಕು, ಉಳಿದವು ಮುಂದಕ್ಕೆ), ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಜೋಡಿ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲ್ಲಾಗಿ, ಅದನ್ನು ಮತ್ತೆ ಬೆಳಕಾಗಿ ಬದಲಿಸುವ ಪೆಟ್ಟಿಗೆ), 32 ಮಿ.ಮೀ. ಎಚ್‌ಡಿಪಿಇ ಪೈಪು, ಕೇಬಲ್ ಎಳೆಯಲು ನೈಲಾನ್ ಹಗ್ಗ.

ಕೇಬಲ್ ಕೊಳ್ಳುವಾಗ ತುದಿ ಸೀಳಿ ತೋರಿಸಲು ಹೇಳಿ. ಕಂಬದಿಂದ ಕಂಬಕ್ಕೆ ಕಟ್ಟುವ ಚಪ್ಪಟೆ ಡ್ರಾಪ್ ಕೇಬಲಿನ ಒಂದು ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ, ಫೈಬರಿನ ಎಡಬಲಕ್ಕೂ ಕೆಲವದರಲ್ಲಿ ಸಣ್ಣ ಉಕ್ಕಿನ ತಂತಿಗಳಿರುತ್ತವೆ. ಅದನ್ನು ಹಾಕಿದರೆ ಫೈಬರ್ ಹಾಕಿದ ಉದ್ದೇಶವೇ ಕೆಟ್ಟಿತು. ಉಕ್ಕಿನ ಬದಲು ಎಫ್‌ಆರ್‌ಪಿ (ಗಾಜಿನ ನಾರು ಬೆರೆತ ಪ್ಲಾಸ್ಟಿಕ್) ಕಡ್ಡಿ ಇರುವುದನ್ನು ಕೇಳಿ ತನ್ನಿ. ಅದು ಬಿಳಿಯಾಗಿ ನಾರುನಾರಾಗಿ ಕಾಣುತ್ತದೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬೀದಿಯಿಂದ ಮನೆಗೆ ಬರುವ ಇಂಟರ್ನೆಟ್ ಕೇಬಲಿನ ಉಕ್ಕಿನ ತಂತಿಯೂ ಗೋಡೆಯ ಹೊರಗೇ ಕತ್ತರಿಸಿ ನಿಲ್ಲಬೇಕು, ಒಳಗೆ ಬರಬಾರದು.

ನೆಲ ಅಗೆಯುವುದು ಒಂದೇ ಸಲ, ಆದ್ದರಿಂದ ಕರೆಂಟಿನ ಕೇಬಲನ್ನೂ ಅದರಲ್ಲೇ ಹಾಕಿ. ಆರ್ಮರ್ಡ್ (ಉಕ್ಕಿನ ಹೊದಿಕೆಯ) ಕರೆಂಟು ಕೇಬಲ್ ತಳದಲ್ಲಿ, 75 ಸೆಂ.ಮೀ. ಆಳದಲ್ಲಿ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ನೆಟ್‌ವರ್ಕ್ ಪೈಪು ಅದರಿಂದ ಕನಿಷ್ಠ 30 ಸೆಂ.ಮೀ. ದೂರದಲ್ಲಿ, ಮೇಲೆ ಒಂದು ಪಕ್ಕಕ್ಕೆ. ಫೈಬರಿಗೆ ಕರೆಂಟಿನಿಂದ ತೊಂದರೆ ಇಲ್ಲವಾದರೂ ಮುಂದೆ ಯಾರೋ ಒಂದನ್ನು ರಿಪೇರಿಗೆ ಅಗೆದಾಗ ಇನ್ನೊಂದಕ್ಕೆ ಗುದ್ದಲಿ ತಾಗಬಾರದು. ಎಲ್ಲದರ ಮೇಲೆ, ನೆಲಮಟ್ಟದಿಂದ ಒಂದಡಿ ಕೆಳಗೆ, ಎಚ್ಚರಿಕೆಯ ಬಣ್ಣದ ಟೇಪು ಹಾಸಿ ಮುಚ್ಚಿ. ಟ್ರ್ಯಾಕ್ಟರ್ ದಾಟುವ ಕಡೆ ಎಚ್‌ಡಿಪಿಇ ಪೈಪನ್ನು ದಪ್ಪ ಪೈಪಿನೊಳಗೆ ತೂರಿಸಿ. ಪೈಪಿಲ್ಲದೆ ಬರಿ ಫೈಬರ್ ಹೂಳಬೇಡಿ. ಗೆದ್ದಲು ಮತ್ತು ಹೆಗ್ಗಣ ಎರಡೂ ಇರುವ ನೆಲ ನಮ್ಮದು.

ಫೈಬರ್ ಎಳೆಯುವಾಗ ಹಗ್ಗವನ್ನು ಗಟ್ಟಿ ಕಡ್ಡಿಗೆ ಕಟ್ಟಿ, ಗಾಜಿನ ಎಳೆಗೆ ಕಟ್ಟಬೇಡಿ. ಜತೆಯಲ್ಲೇ ಇನ್ನೊಂದು ಹಗ್ಗ ಒಳಗೆ ಉಳಿಯುವಂತೆ ಎಳೆಯಿರಿ. ಎರಡೂ ತುದಿಯಲ್ಲಿ ಮೂರು ಮೀಟರ್ ಹೆಚ್ಚುವರಿ ಬಿಟ್ಟು ಸುರುಳಿ ಸುತ್ತಿಡಿ. ಕೈಬಳೆಗಿಂತ ಚಿಕ್ಕ ಸುರುಳಿ ಬೇಡ, ಬಿಗಿ ತಿರುವಿನಲ್ಲಿ ಬೆಳಕು ಸೋರಿಹೋಗುತ್ತದೆ. ಪೈಪಿನ ಎರಡೂ ಬಾಯಿ ಮುಚ್ಚಿ. ಶೆಡ್ಡಿನೊಳಗೆ ಕೇಬಲ್ ಹೋಗುವ ತೂತು ಗೋಡೆಯಲ್ಲಿರಲಿ, ಶೀಟಿನ ಮಾಡಿನಲ್ಲಿ ಬೇಡ. ಹೊರಕ್ಕೆ ಇಳಿಜಾರಾಗಿರಲಿ, ತಗಡಿನ ಅಂಚಿಗೆ ರಬ್ಬರ್ ಬುಷ್ ಹಾಕಿ.

ತುದಿಗಳಿಗೆ ಕನೆಕ್ಟರ್ ಸೇರಿಸುವ ಕೆಲಸವನ್ನು ಸ್ಪ್ಲೈಸಿಂಗ್ ಮಷೀನು (ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರ) ಇರುವವರಿಂದ ಮಾಡಿಸಿ. ಕೇಬಲ್ ಟಿವಿ ಮತ್ತು ಇಂಟರ್ನೆಟ್ ಹಾಕುವ ಹುಡುಗರ ಬಳಿ ಅದು ಇರುತ್ತದೆ, ಎರಡು ತುದಿಗೆ ಅರ್ಧ ಗಂಟೆಯ ಕೆಲಸ. ಮೀಡಿಯಾ ಕನ್ವರ್ಟರ್‌ಗಳಿಗೆ ಸಾಮಾನ್ಯವಾಗಿ ನೀಲಿ ಕನೆಕ್ಟರ್, ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಹಸಿರು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ಹಾಗಲ್ಲ. ಒಂದಕ್ಕೊಂದು ತೂರಿಸಿದರೆ ಕೂರುತ್ತದೆ, ಆದರೆ ಸಿಗ್ನಲ್ ಹಾಳಾಗುತ್ತದೆ. ಕನ್ವರ್ಟರ್ ಜೋಡಿಯಲ್ಲಿ ಒಂದು ಎ, ಇನ್ನೊಂದು ಬಿ ಇರಬೇಕು. ಎ 1310 ನ್ಯಾನೊಮೀಟರಿನ ಬೆಳಕನ್ನು ಕಳುಹಿಸಿ 1550ರದನ್ನು ಪಡೆಯುತ್ತದೆ, ಬಿ ಇದಕ್ಕೆ ತಿರುವುಮುರುವು. ಎರಡೂ ಎ ಕೊಟ್ಟು ಕಳುಹಿಸಿದರೆ ಎಂದಿಗೂ ದೀಪ ಹತ್ತುವುದಿಲ್ಲ. ಈ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೂ ಕಣ್ಣಿಗೆ ಹಾನಿ ಮಾಡಬಲ್ಲದು; ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಮಕ್ಕಳಿಗೂ ಹೇಳಿ.

ಅಗೆಯಲು ಆಗದಿದ್ದರೆ

ನಡುವೆ ರಸ್ತೆಯೋ ಬೇರೆಯವರ ಜಾಗವೋ ಇದ್ದರೆ 5 ಗಿಗಾಹರ್ಟ್ಜ್‌ನ ಹೊರಾಂಗಣ ಆ್ಯಂಟೆನಾ ಜೋಡಿ ಹಾಕಿ. ಒಂದು ಮನೆಯ ತಾರಸಿಯಲ್ಲಿ, ಇನ್ನೊಂದು ಶೆಡ್ಡಿನ ಹೊರಗೋಡೆಯ ಮೇಲೆ, ಒಂದಕ್ಕೊಂದು ಕಣ್ಣಿಗೆ ಕಾಣುವಂತೆ. ತೆಂಗಿನ ಗರಿಗಳು ಅಡ್ಡ ಇದ್ದರೆ ಬೇಸಿಗೆಯಲ್ಲಿ ಸರಿಯಾಗಿ ಓಡಿ ಮಳೆಗಾಲದಲ್ಲಿ ಕೈಕೊಡುತ್ತದೆ, ಒದ್ದೆ ಎಲೆ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಶೆಡ್ಡಿನ ಆ್ಯಂಟೆನಾವನ್ನು ಮಾಡಿನ ತುದಿಗಿಂತ ಮೇಲಕ್ಕೆ ಎತ್ತಬೇಡಿ, ಸಿಡಿಲಿಗೆ ಅದೇ ಮೊದಲ ಗುರಿಯಾಗುತ್ತದೆ.

ಹಂತ 6: ಶೆಡ್ಡಿನೊಳಗಿನ ಪೆಟ್ಟಿಗೆ

ಶೆಡ್ಡಿನಲ್ಲಿ ನೆಟ್‌ವರ್ಕ್ ಸಾಮಾನನ್ನು ಕೊಲ್ಲುವುದು ಬಿಸಿ ಮತ್ತು ಪುಡಿ. ಮನೆಬಳಕೆಯ ರೂಟರ್‌ಗಳು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಜಾಗಕ್ಕೆ ಮಾಡಿದವು, ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಕನ್ವರ್ಟರ್ ಮತ್ತು ನೆಟ್‌ವರ್ಕ್ ಸ್ವಿಚ್ಚನ್ನು (ಒಂದು ಸಂಪರ್ಕವನ್ನು ಹಲವು ಕೇಬಲಿಗೆ ಹಂಚುವ ಸಾಧನ) ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಎದೆಮಟ್ಟಕ್ಕಿಂತ ಕೆಳಗೆ, ಬಿಸಿಲು ಕಡಿಮೆ ಬೀಳುವ ಗೋಡೆಗೆ ಹಾಕಿ. ಮೇಲೆ ಹೋದಷ್ಟೂ ಬಿಸಿ. ಪೆಟ್ಟಿಗೆ ಸ್ವಲ್ಪ ದೊಡ್ಡದೇ ಇರಲಿ, ಒಳಗಿನ ಬಿಸಿ ಗೋಡೆಗಳ ಮೂಲಕ ಹೊರಗೆ ಹೋಗಲು ಮೈ ಬೇಕು. ಗಾಳಿಗೆಂದು ತೂತು ಕೊರೆದರೆ ಗ್ರೈಂಡರಿನ ಪುಡಿ ಒಳಬರುತ್ತದೆ. ಆ ಪುಡಿ ಕಬ್ಬಿಣ, ಸರ್ಕ್ಯೂಟಿನ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೇಲೆ ಎಳೆದು ನೋಡಿ. ವಾರದೊಳಗೆ ಕಪ್ಪು ಮೀಸೆ ಬೆಳೆದರೆ ಪೆಟ್ಟಿಗೆ ಗ್ರೈಂಡರಿಗೆ ತೀರ ಹತ್ತಿರದಲ್ಲಿದೆ.

ಪೆಟ್ಟಿಗೆಯ ಸ್ವಿಚ್ಚಿನಿಂದ ವೈಫೈ ಆ್ಯಕ್ಸೆಸ್ ಪಾಯಿಂಟಿಗೆ (ಶೆಡ್ಡಿನೊಳಗೆ ವೈಫೈ ಹರಡುವ ಸಾಧನ) ಕ್ಯಾಟ್ 6 ಹೋಗಲಿ. ಇದು ಶೆಡ್ಡಿನೊಳಗೇ ಇರುವುದರಿಂದ ತಾಮ್ರ ತೊಂದರೆಯಲ್ಲ. ಪಿಒಇ ಸ್ವಿಚ್ಚಾದರೆ ಅದೇ ಕೇಬಲಿನಲ್ಲಿ ಕರೆಂಟೂ ಹೋಗುತ್ತದೆ, ಮೇಲೆ ಪ್ಲಗ್ಗು ಬೇಡ. ಆ್ಯಕ್ಸೆಸ್ ಪಾಯಿಂಟನ್ನು ನಡುಕಂಬಕ್ಕೆ, ಹತ್ತಡಿ ಎತ್ತರಕ್ಕೆ, ಟ್ರಸ್ಸಿನಿಂದ ಕೆಳಗೆ ಹಾಕಿ; ಶೆಡ್ಡು ಬಿಸಿಯಾದರೆ ಹೊರಾಂಗಣಕ್ಕೆಂದು ಮಾಡಿದ್ದನ್ನೇ ತನ್ನಿ, ಅದು ಹೆಚ್ಚು ಬಿಸಿ ತಾಳುತ್ತದೆ.

ಕರೆಂಟು ಹೋದಾಗಿನ ಲೆಕ್ಕ: ಕನ್ವರ್ಟರ್, ಸ್ವಿಚ್ಚು, ಆ್ಯಕ್ಸೆಸ್ ಪಾಯಿಂಟ್ ಸೇರಿ ಸುಮಾರು 20 ವ್ಯಾಟ್. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ 7 ಆ್ಯಂಪಿಯರ್ ಅವರ್ ಬ್ಯಾಟರಿ, ಅಂದರೆ 84 ವ್ಯಾಟ್ ಅವರ್. ಬ್ಯಾಟರಿ ಚೆನ್ನಾಗಿದ್ದರೆ ನಷ್ಟ ಕಳೆದು ಸುಮಾರು ಎರಡು ಗಂಟೆ ನಡೆಯಬಹುದು. ಮನೆಯ ತುದಿಯ ಇಂಟರ್ನೆಟ್ ಪೆಟ್ಟಿಗೆ ಮತ್ತು ಕನ್ವರ್ಟರಿಗೂ ಅಷ್ಟೇ ಬಲದ ಯುಪಿಎಸ್ ಬೇಕು, ಒಂದು ತುದಿ ಉಳಿದು ಇನ್ನೊಂದು ಆರಿದರೆ ಉಪಯೋಗವಿಲ್ಲ.

ಹಂತ 7: ಸೆಟ್ಟಿಂಗ್

ಶೆಡ್ಡಿನಲ್ಲಿ ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟಾಗಿ ಬಳಸುವುದಾದರೆ ಮೂರು ಕೆಲಸ. ಅದರ ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಐಪಿ ವಿಳಾಸ, ಅಂದರೆ ನೆಟ್‌ವರ್ಕ್ ಸಂಖ್ಯೆ, ಹಂಚುವ ಕೆಲಸ) ನಿಲ್ಲಿಸಿ. ಇಡೀ ಮನೆಗೆ ಐಪಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಮನೆಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆ ಸಂಖ್ಯೆ ಬೇರೆ ಯಾರಿಗೂ ಹಂಚಿಕೆಯಾಗದಂತೆ ಮನೆಯ ರೂಟರಿನಲ್ಲಿ ಬಿಡಿಸಿಡಿ. ಕೇಬಲನ್ನು ಇಂಟರ್ನೆಟ್ ಎಂದು ಬರೆದ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಮನೆಯದೇ ಇರಲಿ, ಆಗ ಫೋನು ತಾನಾಗಿ ಬದಲಾಯಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಜ್‌ನಲ್ಲಿ ಮನೆಗೆ ಚಾನೆಲ್ 1, ಶೆಡ್ಡಿಗೆ 11 ಇಡಿ.

ಕ್ಯಾಮೆರಾದ ರೆಕಾರ್ಡರ್ ಮನೆಯೊಳಗೆ ಇರಲಿ. ಶೆಡ್ಡಿಗೆ ನುಗ್ಗಿದವರು ರೆಕಾರ್ಡರನ್ನೂ ಎತ್ತಿಕೊಂಡು ಹೋದರೆ ಏನೂ ಉಳಿಯುವುದಿಲ್ಲ; ಫೈಬರ್ ಇದ್ದಮೇಲೆ ಅದನ್ನು ಶೆಡ್ಡಿನಲ್ಲಿ ಇಡುವ ಅಗತ್ಯವೂ ಇಲ್ಲ. ಹಾಕಿದವರು ಕೊಟ್ಟ ಪಾಸ್‌ವರ್ಡನ್ನು ಅವರೆದುರೇ ಬದಲಾಯಿಸಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳೊಳಗೆ ಹೊಕ್ಕಿದ್ದು ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಾಯಿಸದೆ ಇದ್ದುದರಿಂದ. ಕೆಲಸಕ್ಕೆ ಬರುವವರಿಗೆ, ಗಿರಾಕಿಗಳಿಗೆ ಗೆಸ್ಟ್ ವೈಫೈ ಕೊಡಿ. ನಿಮ್ಮ ಮನೆಯ ಕ್ಯಾಮೆರಾ ಇರುವ ನೆಟ್‌ವರ್ಕಿಗೆ ಅವರ ಫೋನು ಸೇರುವುದು ಬೇಡ.

ಸಂಪರ್ಕ ಹೋದಾಗ ಎಲ್ಲಿಂದ ನೋಡಬೇಕು

ಕಂಪನಿಗೆ ಫೋನು ಮಾಡುವ ಮೊದಲು ಮನೆಯಲ್ಲಿ ಇಂಟರ್ನೆಟ್ ಇದೆಯೇ ನೋಡಿ. ಮನೆಯಲ್ಲೂ ಇಲ್ಲದಿದ್ದರೆ ಅದು ಹೊರಗಿನ ದೋಷ, ನಿಮ್ಮ ತಂತಿ ಮುಟ್ಟಬೇಡಿ. ಮನೆಯಲ್ಲಿದ್ದು ಶೆಡ್ಡಿನಲ್ಲಿ ಇಲ್ಲದಿದ್ದರೆ ಶೆಡ್ಡಿನ ಪೆಟ್ಟಿಗೆ ತೆರೆದು ಕನ್ವರ್ಟರಿನ ದೀಪಗಳನ್ನು ನೋಡಿ. ಪವರ್ ದೀಪವೇ ಇಲ್ಲ ಎಂದರೆ ಎಂಸಿಬಿ, ಯುಪಿಎಸ್, ಅಡಾಪ್ಟರ್, ಈ ಕ್ರಮದಲ್ಲಿ. ಅಡಾಪ್ಟರ್ ಹೆಚ್ಚು ಬಾರಿ ಕೆಡುವ ಸಾಮಾನು, ಅದೇ ವೋಲ್ಟಿನ ಇನ್ನೊಂದನ್ನು ಪೆಟ್ಟಿಗೆಯಲ್ಲೇ ಇಟ್ಟಿರಿ. ಕನ್ವರ್ಟರಿನದು ಸಾಮಾನ್ಯವಾಗಿ 5 ವೋಲ್ಟು, ಸ್ವಿಚ್ಚಿನದು ಬೇರೆ, ಅದಲುಬದಲಾದರೆ ಸುಡುತ್ತದೆ. ಎರಡಕ್ಕೂ ಬಣ್ಣದ ಟೇಪು ಸುತ್ತಿ ಗುರುತು ಮಾಡಿ.

ಪವರ್ ಇದ್ದು ಫೈಬರ್ ಲಿಂಕ್ ದೀಪ ಇಲ್ಲದಿದ್ದರೆ ಮೊದಲು ಮನೆಯ ತುದಿಯ ಕನ್ವರ್ಟರಿಗೆ ಪವರ್ ಇದೆಯೇ ನೋಡಿ. ಇದ್ದರೆ ಎರಡೂ ತುದಿಯ ನೀಲಿ ಕನೆಕ್ಟರನ್ನು ತೆಗೆದು, ಫೈಬರ್ ಒರೆಸುವ ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಮತ್ತೆ ಟಕ್ ಎನ್ನುವಂತೆ ತೂರಿಸಿ. ಅಂಗಿಯ ತುದಿಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಬೆಳಕನ್ನು ತಡೆಯಲು ಸಾಕು. ಆಗಲೂ ಬರದಿದ್ದರೆ ಕೆಂಪು ಬೆಳಕಿನ ಫೈಬರ್ ಟೆಸ್ಟರ್ ಇರುವವರನ್ನು ಕರೆಸಿ. ಒಂದು ತುದಿಯಿಂದ ಬಿಟ್ಟ ಕೆಂಪು ಬೆಳಕು ಇನ್ನೊಂದು ತುದಿಯಲ್ಲಿ ಬಿಳಿ ಕಾಗದದ ಮೇಲೆ ಬಿದ್ದರೆ ಎಳೆ ಗಟ್ಟಿಯಿದೆ, ಕನ್ವರ್ಟರ್ ಬದಲಾಯಿಸಿ. ಬೀಳದಿದ್ದರೆ ಆ ಎಳೆ ಬಿಟ್ಟು ಪಕ್ಕದ ಹೆಚ್ಚುವರಿ ಎಳೆಗೆ ಕನೆಕ್ಟರ್ ಹಾಕಿಸಿ. ಅದೂ ಹೋಗಿದ್ದರೆ ಒಳಗೆ ಬಿಟ್ಟಿರುವ ಹಗ್ಗ ಹಿಡಿದು ಹೊಸ ಕೇಬಲ್ ಎಳೆಯಿರಿ, ನೆಲ ಮತ್ತೆ ಅಗೆಯುವ ಅಗತ್ಯ ಬೀಳುವುದಿಲ್ಲ.